ಅವ್ವನ ಮೌನ, ಮಗಳ ತಂಬೂರಿ: ಗಂಗೂಬಾಯಿ ಹಾನಗಲ್ಲರ ಎರಡು ಧ್ವನಿಗಳು

ಈಗ ಕೇಳಿಸಿದ ಎರಡು ತುಣುಕುಗಳಲ್ಲಿ ಹಾಡಿದವರು ಯಾರು ಅಂತ ಕೇಳಿದೆ. ಮೊದಲನೆಯದಕ್ಕೆ ಸಭೆಯಿಂದ ನಾಲ್ಕು ಹೆಸರು ಬಂದವು. ನಾಲ್ಕೂ ತಪ್ಪು. ಎರಡನೆಯದರಲ್ಲಿ ಷಡ್ಜ ನಿಲ್ಲುವಷ್ಟರಲ್ಲೇ ಹಿಂದಿನ ಸಾಲಿನಿಂದ ಯಾರೋ "ಗಂಗೂಬಾಯಿ" ಅಂದರು. ಸರಿ. ಆದರೆ ಮೊದಲನೆಯದೂ ಅವರದೇ. ಅದು 1930ರ ದಶಕದ ಗ್ರಾಮಫೋನ್ ತಟ್ಟೆ. ಮೇಲಿನ ಚೀಟಿಯಲ್ಲಿ ಅಚ್ಚಾದ ಹೆಸರು 'ಗಾಂಧಾರಿ ಹಾನಗಲ್'. ಮೂರು ಚಿಲ್ಲರೆ ನಿಮಿಷ, ತೆಳುವಾದ ಚೂಪು ದನಿ, ತಾರಸಪ್ತಕಕ್ಕೆ ಹೋಗಿ ಬರುವುದು ಅಂಗಳದಿಂದ ಪಡಸಾಲೆಗೆ ಹೋಗಿ ಬಂದಷ್ಟು ಸಲೀಸು. ಎರಡನೆಯ ತುಣುಕಿನಲ್ಲಿ ಕೇಳಿದ್ದು ಮಾತ್ರ ನೆಲದಿಂದ ಎದ್ದು ಬರುವ ದನಿ.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಮನೆಯಲ್ಲಿ ಧಾರವಾಡ ಆಕಾಶವಾಣಿ ಹಾಕಿದ್ದರು. ಅಪ್ಪ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನಾನು, "ಅಪ್ಪಾ, ಈ ಬುವಾ ಯಾರು?" ಅಂದೆ. ಬುವಾ ಅಂದರೆ ಹಾಡುವ ಗಂಡಸರನ್ನು ಗೌರವದಿಂದ ಕರೆಯುವ ಹೆಸರು. ಅಪ್ಪ ಅಡಕೊತ್ತು ಕೆಳಗಿಟ್ಟು ನಕ್ಕರು. "ಬುವಾ ಅಲ್ಲಲೇ, ಬಾಯಿ." ಆ ನಗು ಅವತ್ತು ಅವಮಾನ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಅರ್ಧ ಹಿಂದೂಸ್ತಾನವೇ ಆ ತಪ್ಪು ಮಾಡಿದೆ ಅಂತ.

ಗಂಗೂಬಾಯಿಯವರ ಬದುಕನ್ನು ನಾವು ಸಾಮಾನ್ಯವಾಗಿ ಒಂಟಿ ಹೋರಾಟದ ಕತೆಯಾಗಿ ಹೇಳುತ್ತೇವೆ. ಬಡತನ, ಜಾತಿ, ಹೆಣ್ಣು, ಕೊನೆಗೆ ಪದ್ಮವಿಭೂಷಣ. ಹೋರಾಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ 'ಒಂಟಿ' ಅನ್ನುವುದಕ್ಕೆ ನನ್ನ ತಕರಾರಿದೆ. ಆ ಕೊರಳಿನ ಒಂದು ಬದಿಗೆ ಅವ್ವ ಅಂಬಾಬಾಯಿ ಇದ್ದಾರೆ, ಇನ್ನೊಂದು ಬದಿಗೆ ಮಗಳು ಕೃಷ್ಣಾ. ಒಬ್ಬರು ಹಾಡುವುದನ್ನು ನಿಲ್ಲಿಸಿದರು. ಇನ್ನೊಬ್ಬರು ಜೀವಮಾನವೆಲ್ಲ ಪಕ್ಕದಲ್ಲಿ ಕೂತು ಹಾಡಿದರು. ನಡುವೆ ಒಂದು ಧ್ವನಿ ಹೋಯಿತು, ಇನ್ನೊಂದು ಬಂತು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ಶುಕ್ರವಾರಪೇಟೆಯ ಮನೆ. ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಹಾಡುವ ಹೆಣ್ಣುಮಕ್ಕಳ ಮನೆತನ. ಆ ಮಾತಿಗೆ ಆ ಕಾಲದಲ್ಲಿ ಏನರ್ಥ ಅನ್ನುವುದು ನಿಮಗೆ ಗೊತ್ತು. ಸುತ್ತಲೂ ಬ್ರಾಹ್ಮಣರ ಮನೆಗಳು. ಗಂಗೂಬಾಯಿಯವರು ಮುಂದೆ ಎಷ್ಟೋ ಸಲ ಹೇಳಿಕೊಂಡ ಒಂದು ಪ್ರಸಂಗವಿದೆ. ಸಣ್ಣವರಿದ್ದಾಗ ನೆರೆಯವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದರಂತೆ. ತೋಟದವರಿಗೆ ಕಾಯಿ ಹೋದದ್ದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಅನ್ನುವುದೇ ದೊಡ್ಡ ಸಂಕಟ. ಅದೇ ಜನ ಆಮೇಲೆ ನನ್ನನ್ನು ಮನೆಗೆ ಕರೆದು ಊಟಕ್ಕೆ ಹಾಕುತ್ತಾರೆ ಅಂತ ಅವರು ನಗುತ್ತಲೇ ಹೇಳುತ್ತಿದ್ದರು. ಆ ನಗುವಿನಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ನನಗಾದರೆ ಸಿಕ್ಕೇ ಸಿಗುತ್ತಿತ್ತು.

ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಸಂಗತಿಯೂ ಇದೇ ಜಾತಿಯದು. 1924ರ ಡಿಸೆಂಬರ್, ಗಾಂಧೀಜಿ ಅಧ್ಯಕ್ಷರು. 11 ವರ್ಷದ ಹುಡುಗಿ ಸ್ವಾಗತಗೀತೆ ಹಾಡಲು ಹೋಗಿದ್ದಾಳೆ. ಆ ದಿನದ ಬಗ್ಗೆ ಅವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಗಾಂಧೀಜಿಯಷ್ಟೇ ಅಲ್ಲ, ಊಟದ ಪಂಕ್ತಿ. ಉಂಡ ಮೇಲೆ ಎಲೆ ತೆಗೆಯಲು ತನಗೆ ಹೇಳಿಬಿಡುತ್ತಾರೇನೋ ಅನ್ನುವ ಹೆದರಿಕೆ. ಹಾಡುವ ಹೆದರಿಕೆ ಇರಲೇ ಇಲ್ಲ, ನೋಡಿ.

ಇನ್ನು ಅಂಬಾಬಾಯಿಯವರ ಬಗ್ಗೆ. ಹಿಂದೂಸ್ತಾನಿಯ ಗಾಯನ ಪರಂಪರೆಗಳಲ್ಲಿ, ಅಂದರೆ ಘರಾಣೆಗಳಲ್ಲಿ, ಒಂದಾದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಇವರ ಮನೆಗೆ ಬಂದು ಅಂಬಾಬಾಯಿಯವರ ಹಾಡು ಕೇಳುತ್ತಿದ್ದರು. ತಂಜಾವೂರಿನಲ್ಲೇ ಕೂತ ಹಾಗೆ ಅನ್ನಿಸುತ್ತದೆ ಅನ್ನುತ್ತಿದ್ದರಂತೆ. ಖಾನ್ ಸಾಹೇಬರಿಗೆ ಕರ್ನಾಟಕ ಪದ್ಧತಿಯ ಸ್ವರ ಹಾಕುವ ಕ್ರಮದ ಮೇಲೆ ವಿಪರೀತ ಪ್ರೀತಿ. ಅವರ ಸರಗಮ್ಮಿನಲ್ಲಿ ಇವತ್ತಿಗೂ ದಕ್ಷಿಣದ ವಾಸನೆ ಹೊಡೆಯುತ್ತದೆ. ಅಂಥವರು ಬಂದು ಕೂತು ಕೇಳುತ್ತಿದ್ದರೆಂದರೆ ಆ ಹೆಣ್ಣುಮಗಳ ಹಾಡಿಕೆ ಸಾಮಾನ್ಯದ್ದಿರಲಿಕ್ಕಿಲ್ಲ. ಪುಟ್ಟ ಗಾಂಧಾರಿಯ ದನಿಯನ್ನೂ ಕೇಳಿ, ಚೆನ್ನಾಗಿ ತಿನ್ನು, ಚೆನ್ನಾಗಿ ಹಾಡು ಅಂದರಂತೆ.

ಆದರೆ ಹುಡುಗಿಯ ಕಿವಿ ಬೇರೆ ಕಡೆ ಇತ್ತು. ಬೀದಿಯಲ್ಲಿ ಎಲ್ಲಾದರೂ ಗ್ರಾಮಫೋನ್ ಶುರುವಾದರೆ ಕೈಯಲ್ಲಿದ್ದದ್ದು ಬಿಟ್ಟು ಓಡುವುದು, ಕೇಳಿದ್ದನ್ನು ಮನೆಗೆ ಬಂದು ಹಾಗೆಯೇ ಅನ್ನುವುದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಧಾರವಾಡದಂಥ ಕನ್ನಡದ ಊರಿಗೆ ಹಿಂದೂಸ್ತಾನಿ ಹೇಗೆ ಬಂತು ಅಂತ ಬೆಂಗಳೂರಿನ ಕಡೆಯವರು ಯಾವಾಗಲೂ ಕೇಳುತ್ತಾರೆ. ಗಾಳಿ, ನೀರು, ಪೇಢೆ ಅಂತೆಲ್ಲ ನಾವು ಉತ್ತರ ಕೊಡುತ್ತೇವೆ. ನಿಜವಾದ ಉತ್ತರದಲ್ಲಿ ರೈಲಿನ ಪಾಲು ದೊಡ್ಡದು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮಿರಜ ದಾಟಿ ಬಂದ ರೈಲು ಹುಬ್ಬಳ್ಳಿಯ ಮೇಲಿಂದ ಮೈಸೂರು ಸೀಮೆಗೆ ಹೋಗುತ್ತಿತ್ತು. ಮೈಸೂರು ಅರಮನೆ ಉತ್ತರದ ಉಸ್ತಾದರನ್ನು ಕರೆಸುತ್ತಿತ್ತು. ಹೋಗುವಾಗ ಬರುವಾಗ ಅವರು ಇಲ್ಲಿ ಇಳಿಯುತ್ತಿದ್ದರು. ಮರಾಠಿ ನಾಟಕ ಕಂಪನಿಗಳೂ ಇದೇ ಹಳಿಯ ಮೇಲೆ ಬಂದವು. ಆ ನಾಟಕದ ಪದಗಳೆಲ್ಲ ರಾಗದಾರಿ. ಭಾಸ್ಕರಬುವಾ ಬಖಲೆಯಂಥವರು ಧಾರವಾಡದಲ್ಲೇ ನೆಲೆಸಿ ಪಾಠ ಹೇಳಿದರು. ಇಲ್ಲಿಯ ಗಾಯಕರು ಹುಟ್ಟಿದ ವರ್ಷ ನೋಡಿ: ಮಲ್ಲಿಕಾರ್ಜುನ ಮನ್ಸೂರರು 1910, ಗಂಗೂಬಾಯಿ 1913, ಭೀಮಸೇನರು 1922, ಕುಮಾರ ಗಂಧರ್ವರು 1924. ಇಷ್ಟು ಸಣ್ಣ ಸೀಮೆಯಲ್ಲಿ, ಇಷ್ಟು ಕಡಿಮೆ ವರ್ಷಗಳಲ್ಲಿ ಇಷ್ಟೊಂದು ಜನ. ಬರೀ ಗಾಳಿಯಿಂದ ಆಗುವ ಕೆಲಸವಲ್ಲ ಇದು.

ದಾರಿಗೆ ಬರೋಣ. ಮಗಳ ಒಲವು ಹಿಂದೂಸ್ತಾನಿಯ ಕಡೆ ಅಂತ ಅಂಬಾಬಾಯಿ ಕಂಡುಕೊಂಡರು. ಐದನೆಯ ಇಯತ್ತೆಗೆ ಶಾಲೆ ನಿಂತಿತ್ತು. 1928ರಲ್ಲಿ, ಮಗಳಿಗೆ ಒಳ್ಳೆಯ ಪಾಠ ಸಿಗಲಿ ಅಂತ ಇಡೀ ಮನೆಯೇ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ಆಗ ಅಂಬಾಬಾಯಿ ಇನ್ನೂ ಒಂದು ಕೆಲಸ ಮಾಡಿದರು. ತಾವು ಹಾಡುವುದನ್ನೇ ನಿಲ್ಲಿಸಿದರು. ತನ್ನ ಕರ್ನಾಟಕ ಸಂಗೀತ ಮಗಳ ಹಿಂದೂಸ್ತಾನಿಯ ಮೇಲೆ ಬೀಳಬಾರದು ಅಂತ.

ಇದನ್ನು ಎಲ್ಲ ಭಾಷಣಗಳಲ್ಲೂ 'ತಾಯಿಯ ತ್ಯಾಗ' ಅಂತ ಹೇಳಿ ಮುಂದೆ ಹೋಗುತ್ತಾರೆ. ತ್ಯಾಗ ಅಂದ ಕೂಡಲೇ ನಾವು ಕೈಮುಗಿದು ಎದ್ದುಬಿಡುತ್ತೇವೆ, ಯೋಚನೆ ಮಾಡುವುದಿಲ್ಲ. ನನಗೆ ಇದರಲ್ಲಿ ಒಬ್ಬ ನುರಿತ ಕಲಾವಿದೆಯ ತೀರ್ಮಾನ ಕಾಣುತ್ತದೆ. ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಸಂಗೀತ ಬರದವರೂ ಹಿಡಿಯಬಹುದಾದ ಉದಾಹರಣೆ.

ತೋಡಿ ಅನ್ನುವ ರಾಗ ಎರಡೂ ಕಡೆ ಇದೆ. ಹೆಸರು ಒಂದೇ. ಆದರೆ ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಭೈರವಿಗೆ ಹತ್ತಿರ. ಹಿಂದೂಸ್ತಾನಿ ತೋಡಿಯ ಸ್ವರಗಳನ್ನು ಕರ್ನಾಟಕದವರಿಗೆ ಕೇಳಿಸಿದರೆ ಶುಭಪಂತುವರಾಳಿ ಅನ್ನುತ್ತಾರೆ. ಅಲ್ಲಿಯ ಹಿಂದೋಳ ಇಲ್ಲಿ ಮಾಲಕಂಸ. ಈಗ ಒಂದು ಸಣ್ಣ ಮನೆ ಊಹಿಸಿಕೊಳ್ಳಿ. ಒಳಗೆ ಅವ್ವ ತೋಡಿ ಅನ್ನುತ್ತಿದ್ದಾಳೆ, ಹೊರಗೆ ಮಗಳು ತೋಡಿ ಕಲಿಯುತ್ತಿದ್ದಾಳೆ. ಒಂದೇ ಹೆಸರಿಗೆ ಎರಡು ಮುಖ. ಹೆಸರಿನ ಗೊಂದಲವಾದರೂ ತಿಂಗಳೊಪ್ಪತ್ತಿನಲ್ಲಿ ಸರಿಹೋದೀತು. ಸ್ವರ ಹಚ್ಚುವ ರೀತಿಯೇ ಬೇರೆಯಲ್ಲ! ಕರ್ನಾಟಕ ತೋಡಿಯ ಗಾಂಧಾರ ನಿಲ್ಲುವುದೇ ಇಲ್ಲ, ತೂಗುತ್ತಿರುತ್ತದೆ; ಆ ತೂಗಾಟವೇ ಅದರ ಜೀವ. ಕಿರಾಣಾದವರಿಗೆ ಸ್ವರ ನಿಲ್ಲಬೇಕು, ದೀಪ ಗಾಳಿಯಿಲ್ಲದ ಕೋಣೆಯಲ್ಲಿ ನಿಂತ ಹಾಗೆ. ಎಳೆಯ ಕೊರಳು ಹಗಲೆಲ್ಲ ತೂಗುವ ಗಾಂಧಾರ ಕೇಳಿ ಸಂಜೆ ನಿಂತ ಗಾಂಧಾರ ಹಚ್ಚಲು ಹೋದರೆ ಅದು ಅಲುಗದೆ ಇರುತ್ತದೆಯೇ? ಅಂಬಾಬಾಯಿಗೆ ಈ ವ್ಯತ್ಯಾಸ ಗೊತ್ತಿತ್ತು. ಗೊತ್ತಿದ್ದವರಿಗಷ್ಟೇ ಯಾವುದನ್ನು ನಿಲ್ಲಿಸಬೇಕು ಅನ್ನುವುದು ಹೊಳೆಯುತ್ತದೆ.

ಹಾಗಂತ ಅದರ ಬೆಲೆ ಕಡಿಮೆ ಅಂತ ಹೇಳುತ್ತಿಲ್ಲ. ಹಾಡುವ ಕೊರಳನ್ನು ಇಟ್ಟುಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಅನ್ನುವುದನ್ನು ಹಾಡುವವರನ್ನೇ ಕೇಳಿ. ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಮಗಳಿಗೆ ಆಗ 19.

ಮೊದಲ ಗುರು ಕೃಷ್ಣಾಚಾರ್ಯರು, ಕಿನ್ನರಿ ಅನ್ನುವ ತಂತಿವಾದ್ಯ ನುಡಿಸುತ್ತಿದ್ದವರು. ಅವರಿಂದ 60ರಷ್ಟು ಚೀಜುಗಳು, ಅಂದರೆ ಹಾಡಿನ ರಚನೆಗಳು, ಬಂದವು. ದತ್ತೋಪಂತ ದೇಸಾಯಿಯವರಿಂದಲೂ ಪಾಠವಾಯಿತು. ಆದರೆ ಗಂಗೂಬಾಯಿಯವರ ಹಾಡಿಕೆಯನ್ನು ಕಟ್ಟಿದ್ದು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಮೊದಮೊದಲು ಕಂಪನಿಯ ತಿರುಗಾಟದಿಂದಾಗಿ ಪಾಠ ಬಿಟ್ಟುಬಿಟ್ಟು ನಡೆಯುತ್ತಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಅವರು ಕುಂದಗೋಳದಲ್ಲಿ ನೆಲೆಯಾಗಿ ನಿಂತರು. ಆಗ ಸುಮಾರು ಮೂರು ವರ್ಷ ನಿಜವಾದ ತಾಲೀಮು.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಮತ್ತೆ ಅದೇ ರೈಲು. ಜೊತೆಗೆ ಸೋದರಮಾವ ರಾಮಣ್ಣ. ಈ ರಾಮಣ್ಣನವರನ್ನೂ ನಾವು ಮರೆಯುತ್ತೇವೆ. ಅಕ್ಕ ಹೋದ ಮೇಲೆ ಅಕ್ಕನ ಮಗಳ ಸಂಗೀತ ಕಾದವರು ಅವರು. ಸಂಜೆ ಹೋಗಿ ಪಾಠ ಮುಗಿಸಿ ರಾತ್ರಿ ಮರಳುವುದು. ದಾರಿಯಲ್ಲಿ ನಿಂತವರು "ಗಾನೇವಾಲಿ ಬಂದಳು ನೋಡ್ರೋ" ಅಂತ ಕೂಗುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ಆಗ ನೀರು ಹೊತ್ತು ಹಾಕುತ್ತಾ ಕಲಿಯುತ್ತಿದ್ದ ಒಬ್ಬ ಹುಡುಗ ಎಷ್ಟೋ ರಾತ್ರಿ ಈ ಅಕ್ಕನನ್ನು ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತಿದ್ದ. ಅವನೇ ಭೀಮಸೇನ ಜೋಶಿ. ಮುಂದೆ ಇಬ್ಬರೂ ದೊಡ್ಡವರಾದ ಮೇಲೆ ಭೀಮಸೇನರು ಒಂದು ಚಟಾಕಿ ಹಾರಿಸುತ್ತಿದ್ದರಂತೆ: ಖರೇ ಕಿರಾಣಾ ಘರಾಣೆ ನಿಮ್ಮದು, ನಂದು ಬರೀ ಕಿರಾಣಿ ಅಂಗಡಿ! ಅವರಂಗಡಿಯಲ್ಲಿ ಬೇರೆ ಬೇರೆ ಘರಾಣೆಗಳ ಸಾಮಾನೂ ಸಿಗುತ್ತಿತ್ತಲ್ಲ, ಅದಕ್ಕೆ. ತಮಾಷೆ ಹೌದು, ಆದರೆ ವಿಮರ್ಶಕರು ಹತ್ತು ಪುಟ ಬರೆದು ಹೇಳುವುದು ಅದರಲ್ಲಿದೆ.

ಪಾಠ ಹೇಗಿತ್ತು? ಒಂದು ಪಲುಕು, ಅಂದರೆ ಸ್ವರಗಳ ಒಂದು ಸಣ್ಣ ತುಂಡು, ಹಿಡಿದರೆ ಅದೇ ಪಲುಕು, ದಿನಗಟ್ಟಲೆ. ಅದು ಕೂತ ಮೇಲೇ ಮುಂದಿನದು. ಜಿಪುಣ ದುಡ್ಡು ಬಿಚ್ಚಿದ ಹಾಗೆ ಸ್ವರ ಬಿಚ್ಚಬೇಕು ಅಂತ ಗುರುಗಳು ಕಲಿಸಿದರು ಅಂತ ಗಂಗೂಬಾಯಿ ಹೇಳುತ್ತಿದ್ದರು. ಈ ಮಾತನ್ನು ಇಲ್ಲೇ ಒಂದು ಮೂಲೆಯಲ್ಲಿ ಇಟ್ಟಿರಿ. ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ಸಂಸಾರವೂ ಆಗಿತ್ತು. 16ನೆಯ ವಯಸ್ಸಿಗೆ ಗುರುರಾವ್ ಕೌಲಗಿಯವರ ಜೊತೆ ಬಾಳು ಕೂಡಿತು. ಅವರು ಬ್ರಾಹ್ಮಣರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಗುರುರಾಯರಿಗೆ ವ್ಯಾಪಾರಗಳು ಕೈಹಿಡಿಯಲಿಲ್ಲ. ಮನೆ ನಡೆದದ್ದು ಹಾಡಿನಿಂದ. ಗಂಗೂಬಾಯಿಯವರು ಈ ಬಗ್ಗೆ ಗಂಡನನ್ನು ದೂರಿ ಮಾತಾಡಿದವರಲ್ಲ, ಹಾಗಾಗಿ ನಾನೂ ಹೆಚ್ಚು ಕೆದಕುವುದಿಲ್ಲ. 1966ರಲ್ಲಿ ಅವರು ತೀರಿಕೊಂಡರು.

ಗಾಂಧಾರಿಯ ಹೆಸರು ಅಷ್ಟರಲ್ಲಾಗಲೇ ಹೊರಗೆ ಹಬ್ಬಿತ್ತು. ತಟ್ಟೆಗಳು, ಮುಂಬಯಿ ರೇಡಿಯೋ, ಜಿ.ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಯ ಯುಗಳ ಹಾಡಿಕೆ. ಕಲಕತ್ತೆಯ ಸಮ್ಮೇಳನಕ್ಕೆ ಹೋದಾಗ ಈ ಸಣಕಲು ಹುಡುಗಿ ಅಷ್ಟು ದೊಡ್ಡ ಸಭೆಯಲ್ಲಿ ಏನು ಹಾಡಿಯಾಳು ಅಂತ ವ್ಯವಸ್ಥಾಪಕರಿಗೆ ಅನುಮಾನ ಬಂತು. ಹಿಂದಿನ ರಾತ್ರಿ ಅವರೆದುರು ಹಾಡಿಸಿ ನೋಡಿದರಂತೆ, ಹೆಣ್ಣು ನೋಡಲು ಬಂದವರ ಹಾಗೆ. ಕಛೇರಿಯ ನಂತರ ತ್ರಿಪುರಾದ ಮಹಾರಾಜರು ಚಿನ್ನದ ಪದಕ ಕೊಟ್ಟರು. ನೆನಪಿಡಿ, ಅಲ್ಲಿ ಗೆದ್ದದ್ದು ಮೊದಲ ಧ್ವನಿ. ನೀವು ಗುರುತು ಹಿಡಿಯದ ಧ್ವನಿ.

ನಲವತ್ತರ ದಶಕದಲ್ಲಿ ಗಂಟಲಿಗೆ ತೊಂದರೆ ಬಂತು. ಟಾನ್ಸಿಲ್. ಶಸ್ತ್ರಚಿಕಿತ್ಸೆಯಾಯಿತು. ಗಂಟಲು ವಾಸಿಯಾಗಿ ನೋಡಿದರೆ ದನಿ ಬದಲಾಗಿತ್ತು. ತೆಳುವಾದದ್ದು ಹೋಗಿ ದಪ್ಪವಾದದ್ದು ಬಂದಿತ್ತು. ಮೇಲೆ ಹೋಗುತ್ತಿದ್ದ ಕೊರಳು ಕೆಳಗೆ ಇಳಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬ ಚಿತ್ರಕಾರನಿಗೆ ಕುಂಚ ಕಳೆದರೆ ಇನ್ನೊಂದು ಕುಂಚ ತರುತ್ತಾನೆ. ಸಿತಾರಿನ ತಂತಿ ಹರಿದರೆ ಬದಲಿಸಬಹುದು. ಹಾಡುವವರಿಗೆ ಕೊರಳೇ ವಾದ್ಯ. ಅದೂ ಯಾರಿಗೆ? ಯಾವ ಕೊರಳಿಗಾಗಿ ಅವ್ವ ತನ್ನದನ್ನು ನಿಲ್ಲಿಸಿದಳೋ, ಮನೆ ಊರು ಬಿಟ್ಟು ಬಂತೋ, ಯಾವ ಕೊರಳನ್ನು ನಂಬಿ ಮೂರು ಮಕ್ಕಳ ಸಂಸಾರ ನಡೆಯುತ್ತಿತ್ತೋ, ಅದೇ ಕೊರಳು. 30ರ ಆಜುಬಾಜಿನ ವಯಸ್ಸು. ಬಿಟ್ಟುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವರು ಮಾಡಿದ್ದೇನು ಅನ್ನುವುದು ನನಗೆ ಬಹಳ ಕುತೂಹಲದ ವಿಷಯ. ಹೋದ ದನಿಯನ್ನು ಬೆನ್ನಟ್ಟಲಿಲ್ಲ. ಎಷ್ಟೋ ಜನ ಗಾಯಕರು ಬೆನ್ನಟ್ಟುತ್ತಾರೆ. ಇಲ್ಲದ ಎತ್ತರಕ್ಕೆ ಎಳೆದೆಳೆದು ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಗಂಗೂಬಾಯಿ ಶ್ರುತಿಯನ್ನು ಕೆಳಗಿಳಿಸಿ, ಬಂದದ್ದಕ್ಕೆ ಮನೆ ಕಟ್ಟಿದರು. 1945ರ ವರೆಗೆ ಅವರ ಕಛೇರಿಗಳಲ್ಲಿ ಖಯಾಲಿನ ಜೊತೆ ಭಜನೆ, ಠುಮ್ರಿ ಎಲ್ಲ ಇರುತ್ತಿತ್ತು. ಆಮೇಲೆ ಲಘು ಸಂಗೀತವನ್ನು ಕೈಬಿಟ್ಟು ರಾಗದಾರಿಯನ್ನಷ್ಟೇ ಹಾಡಿದರು. ಇದನ್ನು ಕೆಲವರು ವ್ರತದ ಹಾಗೆ ವರ್ಣಿಸುತ್ತಾರೆ. ವ್ರತವೂ ಇದ್ದೀತು. ನನಗನ್ನಿಸುವುದು, ಆ ದಪ್ಪ ದನಿಗೆ ಯಾವುದು ಒಗ್ಗುತ್ತದೆ ಅನ್ನುವ ಲೆಕ್ಕವೂ ಅದರಲ್ಲಿದೆ ಅಂತ. ಠುಮ್ರಿಯ ಬಳುಕು ಹೋಯಿತು, ಮಾರವಾದ ಭಾರ ಬಂತು. ಪೂರಿಯಾ, ಭೈರವ, ಆಸಾವರಿ, ಚಂದ್ರಕಂಸ. ಈ ರಾಗಗಳನ್ನು ಆ ದನಿಯಲ್ಲಿ ಕೇಳಿದ ಮೇಲೆ ಇನ್ನೊಂದು ದನಿಯಲ್ಲಿ ಕೇಳಿದಾಗ ಏನೋ ತೂಕ ಕಡಿಮೆ ಹಾಕಿದ್ದಾರೆ ಅನ್ನಿಸುತ್ತದೆ, ಕನಿಷ್ಠ ನನಗೆ.

ಆ ಜಿಪುಣನ ಮಾತು ಈಗ ತೆಗೆಯಿರಿ. ಗುರು ಕಲಿಸಿದ್ದು ವೇಗ ಆಗಿದ್ದರೆ, ತಾನಿನ ಮಳೆ ಆಗಿದ್ದರೆ, ಹೊಸ ಕೊರಳಿಗೆ ಅದರಿಂದ ಉಪಯೋಗವಾಗುತ್ತಿರಲಿಲ್ಲ. ಕಲಿಸಿದ್ದು ಒಂದೊಂದೇ ಸ್ವರವನ್ನು ಎಣಿಸಿ ಇಡುವುದು. ಆ ವಿದ್ಯೆಗೆ ಕೊರಳು ಯಾವುದಾದರೇನು? ಹಳೆಯ ಕೊರಳಿನಲ್ಲಿ ಕಲಿತದ್ದು ಹೊಸ ಕೊರಳಿಗೆ ಇಡಿಯಾಗಿ ದಾಟಿತು. ಇನ್ನೊಂದು ತಮಾಷೆ ಗಮನಿಸಿದಿರಾ? ಗುರು ಗಂಡಸು, ಹೆಣ್ಣುವೇಷ ಹಾಕಿ ಹೆಣ್ಣಾಗಿ ಹಾಡಿ ಹೆಸರಾದವರು. ಶಿಷ್ಯೆ ಹೆಂಗಸು, ಗಂಡುದನಿಯಲ್ಲಿ ಹಾಡಿ ಹೆಸರಾದವರು. ಈ ಪರಂಪರೆಗೆ ದನಿ ಗಂಡೋ ಹೆಣ್ಣೋ ಅನ್ನುವುದರ ಹಂಗೇ ಇರಲಿಲ್ಲ ಅನ್ನಿಸುತ್ತದೆ.

ಕೇಳುಗರಿಗೆ ಇತ್ತು, ಬಿಡಿ. ಮೊದಮೊದಲು ಜನ ಗೊಣಗಿದರು. ಆಮೇಲೆ ಆ ದನಿಯೇ ಅವರ ಗುರುತಾಯಿತು. ಗೌರವದ ಮಾತು ಬಂದಾಗ ಮಾತ್ರ ಹೆಣ್ಣು ಅನ್ನುವುದು ಚೆನ್ನಾಗಿ ನೆನಪಾಗುತ್ತಿತ್ತು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ. ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಬಾಯಿಯಾಗಿಯೇ ಉಳಿದರು ಅಂತ ಗಂಗೂಬಾಯಿ ಹೇಳಿದ್ದು ಪ್ರಸಿದ್ಧವಾಗಿದೆ. ನನ್ನ ಅಪ್ಪ "ಬುವಾ ಅಲ್ಲಲೇ, ಬಾಯಿ" ಅಂದದ್ದರಲ್ಲಿ ಇಷ್ಟೆಲ್ಲ ಇತ್ತು ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ: 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ, 2002ರಲ್ಲಿ ಪದ್ಮವಿಭೂಷಣ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವರ ಹೆಸರಿನಲ್ಲಿ ಪದವಿ ಪತ್ರ ಕೊಡುತ್ತಾರೆ.

ಕೃಷ್ಣಾ ಅವರ ವಿಷಯ ಮಾತ್ರ ಬೇಗ ಮುಗಿಸಲು ಆಗುವುದಿಲ್ಲ.

ನೀವು ಯಾರಾದರೂ ಗಂಗೂಬಾಯಿಯವರ ಕಛೇರಿ ನೋಡಿದ್ದರೆ ಚಿತ್ರ ಕಣ್ಣಮುಂದೆ ಬರಬೇಕು. ನಡುವೆ ಗಿಡ್ಡನೆಯ, ಸಣ್ಣ ಆಳ್ತನದ ಹೆಣ್ಣುಮಗಳು, ಒಂದು ಕೈ ಕಿವಿಯ ಹತ್ತಿರ. ತಬಲಾಕ್ಕೆ ಬಹಳ ಕಾಲ ಶೇಷಗಿರಿ ಹಾನಗಲ್, ಅವರೂ ಮನೆಯವರೇ. ಹಿಂದೆ, ಸ್ವಲ್ಪ ಪಕ್ಕಕ್ಕೆ, ತಂಬೂರಿ ಹಿಡಿದ ಕೃಷ್ಣಾ. ನಾನು ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಕಛೇರಿಗಳಲ್ಲಿ, ಕಂಬಕ್ಕೆ ಒರಗಿ ಕೂತು ಇವರನ್ನು ಕೇಳಿದ್ದೇನೆ. ಬೆಳಗಿನ ಜಾವಕ್ಕೆ ಅರ್ಧ ಸಭೆ ತೂಕಡಿಸುತ್ತಿತ್ತು. ಹೊರಗೆ ಚಹಾದ ಸ್ಟೋವಿನ ಸದ್ದು. ತಾಯಿ ಮಂದ್ರದಲ್ಲಿ, ಕೆಳಗಿನ ಸ್ಥಾಯಿಯಲ್ಲಿ, ಒಂದು ಸ್ವರ ಹಿಡಿದು ನಿಂತರೆ ನಮಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಆಗ ಮಗಳ ದನಿ ಎತ್ತಿಕೊಳ್ಳುತ್ತಿತ್ತು, ಮೇಲಿನಿಂದ.

ಆ ದನಿ ತೆಳುವು, ಚೂಪು. ನೀವು ಇವತ್ತು ಮೊದಲು ಕೇಳಿದಿರಲ್ಲ, ಆ ಗಾಂಧಾರಿಯ ದನಿಗೆ ಹತ್ತಿರ. ಅದೇ ಅಂತ ನಾನು ಹೇಳುವುದಿಲ್ಲ, ಸಂಗೀತದಲ್ಲಿ ಅಂಥ ಪವಾಡಗಳಾಗುವುದಿಲ್ಲ. ಆದರೆ ಆ ಹಳೆಯ ತಟ್ಟೆ ನನ್ನ ಕೈಗೆ ಸಿಕ್ಕಿ ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಗಂಗೂಬಾಯಿಯಲ್ಲ, ಕೃಷ್ಣಾ. ಶಸ್ತ್ರಚಿಕಿತ್ಸೆಯಲ್ಲಿ ಹೋದದ್ದು ಹಿಂದಿನ ಸಾಲಿನಲ್ಲಿ ತಂಬೂರಿ ಹಿಡಿದು ಕೂತಿತ್ತು ಅನ್ನಿಸಿತು.

ಬೆಂಬಲ ಗಾಯನ ಅಂದರೆ ಸುಲಭದ ಕೆಲಸ ಅಂದುಕೊಳ್ಳುತ್ತೇವೆ. ಮುಂದೆ ಕೂತವರ ಉಸಿರು ಯಾವಾಗ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು. ಎತ್ತಿಕೊಂಡ ಮೇಲೆ ಅವರ ಯೋಚನೆಯನ್ನು ಒಂದು ಹೆಜ್ಜೆಯಷ್ಟೇ ಮುಂದೆ ಒಯ್ಯಬೇಕು. ಎರಡು ಹೆಜ್ಜೆ ಹೋದರೆ ಮೇಲಾಟ, ಹೋಗದಿದ್ದರೆ ಆಲಸ್ಯ. ಒಳ್ಳೆಯದೇನಾದರೂ ಹೊಳೆದರೂ ಬಾಯಿಕಟ್ಟಿ ಬಿಟ್ಟುಕೊಡಬೇಕು, ಯಾಕೆಂದರೆ ಅದು ನಿಮ್ಮ ಕಛೇರಿಯಲ್ಲ. ಇದನ್ನು ಒಂದು ವರ್ಷ ಮಾಡಿದರೆ ಶಿಷ್ಯವೃತ್ತಿ. ಕೃಷ್ಣಾ ಇಡೀ ಜೀವಮಾನ ಮಾಡಿದರು. ಸ್ವತಂತ್ರವಾಗಿ ಹಾಡುವ ಯೋಗ್ಯತೆ ಅವರಿಗೆ ಇತ್ತೇ? ಇತ್ತು ಅಂತ ಕೇಳಿದವರೆಲ್ಲ ಹೇಳುತ್ತೇವೆ. ಹಾಗಾದರೆ ಆ ಜೀವನದಲ್ಲಿ ಕೊರತೆ ಇತ್ತೇ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಒಮ್ಮೊಮ್ಮೆ ಅನ್ಯಾಯ ಅನ್ನಿಸುತ್ತದೆ. ಒಮ್ಮೊಮ್ಮೆ, ಹಾಗೆ ಅನ್ನುವುದೇ ಅವರಿಗೆ ಮಾಡುವ ಅನ್ಯಾಯ ಅನ್ನಿಸುತ್ತದೆ. ಅಜ್ಜಿ ತನ್ನ ಸಂಗೀತವನ್ನು ಮಗಳಿಗೆ ಕೇಳಿಸದಿರಲು ಸುಮ್ಮನಾದಳು; ಮೊಮ್ಮಗಳು ಅದೇ ಮಗಳ ಸಂಗೀತ ಕೇಳಿಸಲೆಂದು ದನಿ ಕೂಡಿಸಿದಳು. ಎರಡೂ ಅದೇ ಕೊರಳಿಗಾಗಿ. ಇಬ್ಬರ ಹೆಸರೂ ಚೀಟಿಯ ಮೇಲೆ ದೊಡ್ಡದಾಗಿ ಬರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಅಂಬಾಬಾಯಿ ಕೇಳಿದ್ದು ಮೊದಲ ಧ್ವನಿಯನ್ನು ಮಾತ್ರ. ನಾವೆಲ್ಲ ಯಾವುದನ್ನು ಗಂಗೂಬಾಯಿ ಅನ್ನುತ್ತೇವೋ ಆ ಧ್ವನಿ ಅವರ ಕಿವಿಗೆ ಬೀಳಲೇ ಇಲ್ಲ. ಯಾವ ಕೊರಳಿಗಾಗಿ ತನ್ನದನ್ನು ಕಟ್ಟಿಟ್ಟರೋ, ಅದು ಹೀಗಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಗಂಗೂಬಾಯಿಯವರಿಗೆ 90 ದಾಟುವ ಹೊತ್ತಿಗೆ ಎಲುಬಿನ ಮಜ್ಜೆಯ ಕ್ಯಾನ್ಸರ್ ಬಂತು. ಅದನ್ನೂ ದಾಟಿ ಎದ್ದರು. ಆದರೆ 2004ರಲ್ಲಿ ಕೃಷ್ಣಾ ತೀರಿಕೊಂಡರು, ಅವರಿಗೂ ಕ್ಯಾನ್ಸರ್. ಅಷ್ಟು ವರ್ಷ ಬೆನ್ನ ಹಿಂದೆ ಇದ್ದ ದನಿ ಇಲ್ಲದೆ ಹಾಡುವುದು ಹೇಗೆ? 2006ರ ಮಾರ್ಚಿನಲ್ಲಿ, ಹಾಡಿಕೆಗೆ 75 ವರ್ಷ ತುಂಬಿದ ನೆಪದಲ್ಲಿ, ಒಮ್ಮೆ ವೇದಿಕೆಗೆ ಬಂದು ಹಾಡಿದರು. ಅದೇ ಕೊನೆಯ ಕಛೇರಿ. 2009ರ ಜುಲೈ 21ಕ್ಕೆ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿದ್ದರು.

ಇನ್ನೊಂದು ತುಣುಕು ತಂದಿದ್ದೇನೆ. ಅಂಬಾಬಾಯಿಯವರನ್ನು ಕೇಳಿಸೋಣ ಅಂದರೆ ನನ್ನ ಹತ್ತಿರ ಏನೂ ಇಲ್ಲ. ಅವರ ಪಾಲಿನದನ್ನು ಆ ನಿಂತ ಗಾಂಧಾರದಲ್ಲೇ ಕೇಳಿಕೊಳ್ಳಬೇಕು. ಇದು ತಾಯಿ ಮಗಳು ಕೂಡಿ ನಿಧಾನ ಲಯದಲ್ಲಿ ಹಾಡಿರುವ ವಿಲಂಬಿತ. ಎರಡನೆಯ ಆವರ್ತನದ ಕೊನೆಗೆ ತಾಯಿ ಉಸಿರು ತೆಗೆದುಕೊಳ್ಳುತ್ತಾರೆ, ಕಿವಿಗೊಟ್ಟರೆ ಕೇಳುತ್ತದೆ. ಅಲ್ಲಿ ಕೃಷ್ಣಾ ಬರುತ್ತಾರೆ. ಫ್ಯಾನ್ ಒಂದು ಆರಿಸಿಬಿಡಿ. ಹಾಂ, ಈಗ ಹಾಕಿ.